ಅಂಕಿ ಹೇಳುವ ಟೇಪು, ತಡೆದು ನಿಲ್ಲಿಸುವ ನಟ್ಟು: ಕಣ್ಣು ಕಾಣದವರ ಮನೆ ರಿಪೇರಿಗೆ ಒದಗುವ ಸಾಧನಗಳ ವಿಮರ್ಶೆ

ನಮ್ಮ ಅಡುಗೆಮನೆಯಲ್ಲಿ ಒಲೆಕಟ್ಟೆಯ ಬಲಗಡೆ, ಎರಡು ಗೋಡೆಗಳ ನಡುವಿನ ಕಂಡಿಯಲ್ಲಿ, ಸುಮಾರು ಮೂರು ಅಡಿ ಉದ್ದದ ಹಲಗೆಯೊಂದನ್ನು ಕಳೆದ ವರ್ಷ ಯುಗಾದಿಗೆ ಮೊದಲು ಕೂರಿಸಿದೆ. ಅಳೆದದ್ದು, ಕೊಯ್ದದ್ದು, ಗೋಡೆಗೆ ತೂತು ಹಾಕಿದ್ದು, ಬ್ರಾಕೆಟ್ ಬಿಗಿದದ್ದು ಎಲ್ಲವೂ ನನ್ನ ಕೈಯಿಂದಲೇ ನಡೆಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅಕ್ಷಿಪಟಲದ ಕಾಯಿಲೆಯಿಂದ ನನ್ನ ದೃಷ್ಟಿ ಮೂವತ್ತರ ಆಸುಪಾಸಿನಲ್ಲಿ ಕುಗ್ಗತೊಡಗಿತು. ನಲವತ್ತೆರಡು ತುಂಬುವ ಹೊತ್ತಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದೂ ತಿಳಿಯದ ಸ್ಥಿತಿ ಬಂದಿತು. ತಂದೆಯವರು ಮರಗೆಲಸ ಮಾಡುತ್ತಿದ್ದವರಾದ್ದರಿಂದ ಚಿಕ್ಕಂದಿನಿಂದ ಗರಗಸ, ಉಳಿಗಳ ಬಳಕೆಯಿದ್ದ ನಾನು, ಕಣ್ಣು ಹೋದ ಮೇಲೆ ಆರೇಳು ವರ್ಷ ಆ ಪೆಟ್ಟಿಗೆಯ ಮುಚ್ಚಳವನ್ನು ತೆರೆಯಲಿಲ್ಲ. ಮತ್ತೆ ತೆರೆದು ಈಗ ಒಂದೂವರೆ ವರ್ಷವಾಗಿದೆ. ಈ ಅವಧಿಯಲ್ಲಿ ಮನೆಯೊಳಗೂ ಹಿತ್ತಲಲ್ಲೂ ಬಳಸಿದ ಕೆಲವು ಸಾಧನಗಳಲ್ಲಿ ಯಾವುದಕ್ಕೆ ಹಣ ಹಾಕಬಹುದು, ಯಾವುದಕ್ಕೆ ಬೇಡ ಎಂಬುದನ್ನು, ನನ್ನಂತೆಯೇ ಕೈಯಿಂದ ಕಾಣುವವರಿಗೂ ಅವರ ಮನೆಯವರಿಗೂ ತಿಳಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟು ಕೊಂಡದ್ದು ಮಾತನಾಡುವ ಅಳತೆ ಟೇಪನ್ನು. ಐದು ಮೀಟರಿನ ಉಕ್ಕಿನ ಟೇಪು. ಎಳೆದು ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಅಳತೆಯನ್ನು ಹೇಳುತ್ತದೆ. ಅಂಗುಲದಲ್ಲಿ ಹದಿನಾರರ ಒಂದು ಭಾಗದವರೆಗೆ, ಮೆಟ್ರಿಕ್‌ನಲ್ಲಿ ಮಿಲಿಮೀಟರಿನವರೆಗೆ ಅದರ ಲೆಕ್ಕ ಹೋಗುತ್ತದೆ. ಕೋಣೆಯ ಉದ್ದಗಲ, ಕಿಟಕಿಯ ಪರದೆಯ ಅಳತೆ, ಹಿತ್ತಲಿನ ಕಾಂಪೌಂಡಿನ ಉದ್ದ ಇಂಥವುಗಳಿಗೆ ಅದು ನಿಜವಾಗಿಯೂ ಉಪಯುಕ್ತ. ಬಟ್ಟೆ ಅಂಗಡಿಗೆ ಹೋಗುವ ಮೊದಲು ಪರದೆಯ ಅಳತೆಯನ್ನು ಯಾರನ್ನೂ ಕರೆಯದೆ ತೆಗೆದುಕೊಂಡ ದಿನ ನನಗಾದ ಸಮಾಧಾನ ದೊಡ್ಡದು. ಆದರೆ ಮರ ಕೊಯ್ಯುವ ಕೆಲಸಕ್ಕೆ ಅದನ್ನೇ ನೆಚ್ಚಿಕೊಂಡಾಗ ನಷ್ಟವಾಯಿತು.

ಮೊದಲ ಹಲಗೆಗೆಂದು ಆ ಕಂಡಿಯನ್ನು ಅಳೆದಾಗ ಟೇಪು ಹೇಳಿದ್ದು ಮೂವತ್ತೈದು ಅಂಗುಲದ ಮೇಲೆ ಹದಿನಾರರಲ್ಲಿ ಹನ್ನೊಂದು ಭಾಗ. ಪಕ್ಕದ ಕೋಣೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ನನಗೆ ಕೇಳಿಸಿದ್ದು ಏಳು ಭಾಗ. ಇಂಗ್ಲಿಷಿನ ‘ಇಲೆವೆನ್’ ಮತ್ತು ‘ಸೆವೆನ್’ ಎರಡೂ ಒಂದೇ ದನಿಯಲ್ಲಿ ಮುಗಿಯುವುದರಿಂದ ಆ ಸಣ್ಣ ಸ್ಪೀಕರಿನಲ್ಲಿ ಅವುಗಳ ವ್ಯತ್ಯಾಸ ಉಳಿಯಲಿಲ್ಲ. ಹಲಗೆ ಕಾಲಂಗುಲ ಗಿಡ್ಡವಾಯಿತು, ಬಡಗಿಯ ಲೆಕ್ಕದಲ್ಲಿ ಎರಡು ನೂಲು. ಸದ್ದಿಲ್ಲದ ಹೊತ್ತಿನಲ್ಲಿ ಮೂರು ಸಲ ಒತ್ತಿ ಕೇಳಿಸಿಕೊಳ್ಳಬೇಕಾಗಿತ್ತೆಂಬುದು ನಿಜ. ಆದರೂ ಆ ಟೇಪಿನ ಮೂಲ ಕೊರತೆ ದನಿಯಲ್ಲಿ ಇರಲಿಲ್ಲ ಎಂಬುದು ಎರಡನೆಯ ಹಲಗೆಯ ಹೊತ್ತಿಗೆ ನನಗೆ ಸ್ಪಷ್ಟವಾಯಿತು. ಅಂಕಿ ಸರಿಯಾಗಿ ಕೇಳಿಸಿತೆಂದೇ ಇಟ್ಟುಕೊಳ್ಳೋಣ. ಅದನ್ನು ಹಲಗೆಯ ಮೇಲೆ ಗುರುತು ಮಾಡಬೇಕಾದಾಗ ಟೇಪನ್ನು ಮತ್ತೆ ಎಳೆದು, ಅದೇ ಅಂಕಿ ಬರುವವರೆಗೆ ಹಿಂದೆಮುಂದೆ ಸರಿಸಿ, ಒಂದು ಕೈಯಲ್ಲಿ ಅದನ್ನು ಅಲುಗಾಡದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಗುರುತು ಹಾಕಬೇಕು. ಆ ಸರಿಸಾಟದಲ್ಲೇ ಒಂದು ನೂಲು ಕಳೆದುಹೋಗುತ್ತದೆ. ನೋಡುವವರಿಗೆ ಅಂಕಿಯೂ ಗೆರೆಯೂ ಟೇಪಿನ ಒಂದೇ ಜಾಗದಲ್ಲಿ ಇರುತ್ತವೆ. ನಮಗೆ ಅಂಕಿ ಕಿವಿಯಲ್ಲಿ ಇರುತ್ತದೆ, ಗೆರೆ ಬೆರಳಿಗೆ ಬೇಕಾಗಿರುತ್ತದೆ. ನಡುವಿನ ದಾರಿಯನ್ನು ಆ ಸಾಧನ ತೋರಿಸುವುದಿಲ್ಲ.

ಹಾಗಾಗಿ ಈಗ ಯಾವ ಸಾಧನವನ್ನು ಕೊಳ್ಳುವಾಗಲೂ ನಾನು ಕೇಳಿಕೊಳ್ಳುವುದು ಒಂದನ್ನೇ: ಸರಿಯಾದ ಜಾಗಕ್ಕೆ ಬಂದಾಗ ಇದು ತಾನಾಗಿ ನಿಲ್ಲುತ್ತದೆಯೇ, ನಿಂತದ್ದು ನನ್ನ ಉಗುರಿಗೆ ತಿಳಿಯುತ್ತದೆಯೇ?

ಅಮೆರಿಕದ ಅಂಧ ಬಡಗಿಗಳು ಬಳಸುವ ಕ್ಲಿಕ್ ರೂಲ್ ಎಂಬ ಅಳತೆಗೋಲು ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುತ್ತದೆ. ರಜೆಗೆ ಬಂದಿದ್ದ ಬಂಧುವೊಬ್ಬರು ತಂದದ್ದನ್ನು ಎರಡು ವಾರ ಬಳಸಿ ನೋಡಿದೆ. ಕೊಳವೆಯೊಂದರ ಒಳಗಿನಿಂದ ಲೋಹದ ಕಡ್ಡಿಯನ್ನು ಎಳೆದಂತೆ ಅಂಗುಲದ ಹದಿನಾರನೆಯ ಒಂದು ಭಾಗಕ್ಕೆ ಒಂದೊಂದು ಸಲ ‘ಟಿಕ್’ ಎಂದು ಸಿಕ್ಕಿಕೊಳ್ಳುತ್ತದೆ. ಅರ್ಧರ್ಧ ಅಂಗುಲಕ್ಕೆ ಕಡ್ಡಿಯ ಮೇಲೆ ಬೆರಳಿಗೆ ಸಿಗುವ ಗುರುತಿದೆ. ನಮ್ಮ ಬಡಗಿಗಳು ಅಂಗುಲವನ್ನು ಎಂಟು ನೂಲಾಗಿ ಲೆಕ್ಕ ಹಾಕುವುದರಿಂದ ಒಂದು ಟಿಕ್ ಎಂದರೆ ಅರ್ಧ ನೂಲು. ತಂದೆಯವರು ಬಾಯಲ್ಲಿ ಹೇಳುತ್ತಿದ್ದ ‘ಎರಡು ಅಂಗುಲ ಮೂರು ನೂಲು’ ಎಂಬ ಅಳತೆ ಅದರಲ್ಲಿ ನೇರವಾಗಿ ಬಂದು ಕೂರುತ್ತದೆ: ಅರ್ಧ ಅಂಗುಲದ ನಾಲ್ಕು ಗುರುತು, ಆಮೇಲೆ ಆರು ಟಿಕ್. ಅತ್ಯುತ್ತಮ ಸಾಧನ. ಆದರೆ ಅದನ್ನು ಹೊರದೇಶದಿಂದ ತರಿಸಬೇಕು, ತರಿಸುವ ಖರ್ಚು ಸಾಧನದ ಬೆಲೆಯ ಮೇಲೆ ಬೀಳುತ್ತದೆ.

ಹಾಗೆಂದು ಕೈಚೆಲ್ಲಿ ಕೂರಬೇಕಾಗಿಲ್ಲ. ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಒಂದು ಮೀಟರ್ ಉದ್ದದ, ತುದಿಯಿಂದ ತುದಿಗೆ ಮರೆ, ಅಂದರೆ ಸ್ಕ್ರೂವಿನಲ್ಲಿರುವಂಥ ಸುರುಳಿ ಗೀರು, ಕೊರೆದ ಕಡ್ಡಿ ಸಿಗುತ್ತದೆ. ತ್ರೆಡ್ ರಾಡ್ ಎಂದು ಕೇಳಿದರೆ ಕೊಡುತ್ತಾರೆ. ಅದರಲ್ಲಿ ಎಂ-6 ಎಂಬ ಗಾತ್ರದ್ದನ್ನೇ ಕೇಳಿ ತೆಗೆದುಕೊಳ್ಳಬೇಕು. ಎಂ-6ರ ಸಾಮಾನ್ಯ ಮರೆಯ ಅಂತರ ಸರಿಯಾಗಿ 1 ಮಿಲಿಮೀಟರ್. ಎಂದರೆ ಅದಕ್ಕೆ ಹಾಕಿದ ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ಅದು ಕಡ್ಡಿಯ ಮೇಲೆ 1 ಮಿಲಿಮೀಟರ್ ಮುಂದೆ ಹೋಗುತ್ತದೆ. ನಟ್ಟಿಗೆ ಆರು ಮುಖಗಳಿರುವುದರಿಂದ ಒಂದು ಮುಖದಷ್ಟು ತಿರುಗಿಸಿದರೆ ಮಿಲಿಮೀಟರಿನ ಆರನೆಯ ಒಂದು ಭಾಗ. ಇಷ್ಟು ಸೂಕ್ಷ್ಮವಾದ ಅಳತೆ ಮರಗೆಲಸಕ್ಕೆ ಬೇಕಾಗುವುದೇ ಇಲ್ಲ. ಎಂಟರ ಒಂದು ಅಂಗುಲ, ಅಂದರೆ ಒಂದು ನೂಲು, 3.175 ಮಿಲಿಮೀಟರ್. ಮೂರು ಸುತ್ತು ಮತ್ತು ಒಂದು ಮುಖ ತಿರುಗಿಸಿದರೆ 3.167 ಬರುತ್ತದೆ. ನೂಲಿನಲ್ಲಿ ಅಳೆಯುವ ರೂಢಿಯವರಿಗೆ ‘ಮೂರು ಸುತ್ತು, ಒಂದು ಮುಖ’ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ನನ್ನ ಕಡ್ಡಿಯನ್ನು 30 ಸೆಂಟಿಮೀಟರಿಗೆ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ಮಟ್ಟ ಮಾಡಿದೆ. ಸೊನ್ನೆಯನ್ನು ಹಿಡಿಯುವುದು ಸುಲಭ: ನಟ್ಟಿನ ಮುಖವೂ ಕಡ್ಡಿಯ ತುದಿಯೂ ಒಂದೇ ಸಮನಾಗುವವರೆಗೆ ತಿರುಗಿಸಿ, ಮೇಲೆ ಉಗುರನ್ನು ಎಳೆದರೆ ಎಲ್ಲಿಯೂ ತೊಡರಬಾರದು. ಅಲ್ಲಿಂದ ಹತ್ತು ಹತ್ತು ಸುತ್ತು ಎಣಿಸಿ, ಪ್ರತಿ ಸೆಂಟಿಮೀಟರಿಗೆ ಮುಮ್ಮೂಲೆ ಅರದಿಂದ ಒಂದು ಗೀರು, ಐದು ಸೆಂಟಿಮೀಟರಿಗೆ ಎರಡು ಗೀರು ಹಾಕಿದೆ. ಗೀರು ಆಳವಾಗದಿದ್ದರೆ ನಟ್ಟಿನ ಓಡಾಟಕ್ಕೆ ತೊಂದರೆಯಾಗುವುದಿಲ್ಲ. ನಟ್ಟಿನ ಒಂದು ಮುಖದ ಮೇಲೆ ಎಂ-ಸೀಲ್‌ನಿಂದ ಸಾಸಿವೆ ಕಾಳಿನಷ್ಟು ಚುಕ್ಕಿ ಇಟ್ಟಿದ್ದೇನೆ. ಆ ಚುಕ್ಕಿ ಮೇಲೆ ಬಂದರೆ ಒಂದು ಸುತ್ತು ಮುಗಿಯಿತೆಂದು ಅರ್ಥ. ಅಳತೆ ಸಿಕ್ಕಿದ ಮೇಲೆ ಎರಡನೆಯ ನಟ್ಟನ್ನು ಹಿಂದಿನಿಂದ ತಂದು ಮೊದಲನೆಯದಕ್ಕೆ ಬಿಗಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಅಲುಗಾಡದೆ ನಿಲ್ಲುತ್ತವೆ. ಆಮೇಲೆ ಕಡ್ಡಿಯನ್ನು ಹಲಗೆಯ ಉದ್ದಕ್ಕೆ ಮಲಗಿಸಿ, ನಟ್ಟನ್ನು ಹಲಗೆಯ ಅಂಚಿಗೆ ತಗುಲಿಸಿ, ಕಡ್ಡಿಯ ತುದಿಗೆ ಚಾಕುವಿನ ಅಲಗನ್ನು ಒರಗಿಸಿ ಗೀರಿದರೆ ಗುರುತು ಬಿತ್ತು. ನಡುವೆ ಯಾವ ಅಂಕಿಯನ್ನೂ ನೆನಪಿಡಬೇಕಾಗಿಲ್ಲ, ಯಾವುದನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ. ಪೆನ್ಸಿಲ್ ಗೆರೆ ನಮಗೆ ಇದ್ದೂ ಇಲ್ಲದ ಗೆರೆ. ಚಾಕುವಿನ ಗೀರು ಮಾತ್ರ ಉಗುರಿಗೆ ಸಿಗುತ್ತದೆ, ಗರಗಸದ ಹಲ್ಲಿಗೂ ಸಿಗುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ನಟ್ಟನ್ನು ಹದಿನೈದು ಸೆಂಟಿಮೀಟರ್ ದೂರ ಕೊಂಡೊಯ್ಯಲು ನೂರೈವತ್ತು ಸುತ್ತು ತಿರುಗಿಸಬೇಕು. ಅಂಗೈ ಮೇಲೆ ಕಡ್ಡಿಯನ್ನು ಉರುಳಿಸುತ್ತಾ ನಟ್ಟನ್ನು ಬೆರಳಲ್ಲಿ ತಡೆದು ಹಿಡಿದರೆ ಬೇಗ ಸಾಗುತ್ತದೆ, ಆದರೂ ಬೇಸರ ಬರುತ್ತದೆ. ಕ್ಲಿಕ್ ರೂಲ್ ಮೇಲುಗೈ ಪಡೆಯುವುದು ಇಲ್ಲಿಯೇ. ಅದನ್ನು ಸರ್ರನೆ ಎಳೆಯಬಹುದು. ಆದ್ದರಿಂದ ಗೇಣಿಗಿಂತ ಚಿಕ್ಕ ಅಳತೆಗಳಿಗೆ ಮಾತ್ರ ನಾನು ಈ ಕಡ್ಡಿಯನ್ನು ಬಳಸುತ್ತೇನೆ. ದೊಡ್ಡ ಅಳತೆಗೆ ತಂದೆಯವರ ದಾರಿಯೇ ಒಳ್ಳೆಯದು. ಅವರ ಬಳಿ ಅಳತೆಯ ಕೋಲು ಇರುತ್ತಿತ್ತು. ಬಾಗಿಲಿನ ಚೌಕಟ್ಟಿಗೆ ಕೋಲನ್ನು ಹಿಡಿದು ಅಲ್ಲೇ ಕಚ್ಚು ಹಾಕಿಕೊಂಡು ಬಂದು, ಅದೇ ಕಚ್ಚಿಗೆ ಮರ ಕೊಯ್ಯುತ್ತಿದ್ದರು. ಅಡಿಯೆಷ್ಟು, ಅಂಗುಲವೆಷ್ಟು ಎಂದು ಅವರು ಹೇಳಿದ್ದು ಕಡಿಮೆ. ನಾನು ಎರಡು ತೆಳ್ಳನೆಯ ರೀಪುಗಳನ್ನು ಒಂದರ ಮೇಲೊಂದು ಜಾರುವಂತೆ ಇಟ್ಟುಕೊಂಡಿದ್ದೇನೆ. ಗೋಡೆಯಿಂದ ಗೋಡೆಗೆ ಅವು ತಾಕುವವರೆಗೆ ಜಾರಿಸಿ, ನಡುವೆ ಕ್ಲ್ಯಾಂಪ್ ಹಾಕಿ ಬಿಗಿದು ತಂದರೆ ಕಂಡಿಯ ಅಳತೆಯೇ ಕೈಯಲ್ಲಿ ಬಂದಂತೆ. ಮೂರನೆಯ ಹಲಗೆಯನ್ನು ಕೊಯ್ದದ್ದು ಹೀಗೆ. ಅದು ಕಂಡಿಯಲ್ಲಿ ಇಳಿಯುವಾಗ ಎರಡೂ ತುದಿ ಗೋಡೆಯ ಸುಣ್ಣವನ್ನು ಸವರಿಕೊಂಡು ಹೋದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಎಂ-6 ಕಡ್ಡಿ ನನಗೆ ಸಿಕ್ಕಿದ ಅಂಗಡಿಯ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ನಮ್ಮಂಥವರ ಪಾಲಿಗೆ ಅಂಗಡಿಯೂ ಒಂದು ಸಾಧನವೇ. ಮೊದಲು ಹೋದ ಅಂಗಡಿಯಲ್ಲಿ ಡ್ರಿಲ್ ಮಷಿನ್ ಕೇಳಿದಾಗ ಅಲ್ಲಿದ್ದವರು, “ನಿಮಗ್ಯಾಕೆ ಸಾರ್ ಈ ಉಸಾಬರಿ, ಹುಡುಗನ್ನ ಕಳಿಸ್ತೀನಿ ಬಿಡಿ” ಎಂದರು. ಅವರ ಮಾತಿನಲ್ಲಿ ಕಾಳಜಿ ಇತ್ತು, ನಾನು ಇಲ್ಲವೆನ್ನುವುದಿಲ್ಲ; ಆದರೆ ಮಷಿನ್ ಮಾತ್ರ ಗಾಜಿನ ಬೀರುವಿನಿಂದ ಹೊರಗೆ ಬರಲಿಲ್ಲ. ಎರಡನೆಯ ಅಂಗಡಿಯ ಹಿರಿಯರು ಕೌಂಟರಿನ ಮೇಲೆ ಗೋಣಿತಾಟು ಹಾಸಿ, ನಾಲ್ಕು ಮಷಿನ್‌ಗಳನ್ನು ಒಂದೊಂದಾಗಿ ತಂದಿಟ್ಟು, “ಕೈಯಾಡಿಸಿ ನೋಡಿ, ಅವಸರ ಇಲ್ಲ” ಎಂದರು. ಯಾವುದರ ಹಿಡಿ ನನ್ನ ಅಂಗೈಗೆ ಹೊಂದುತ್ತದೆ, ಯಾವುದರ ಮುಂದೆ-ಹಿಂದೆ ತಿರುಗಿಸುವ ಗುಂಡಿ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ, ಯಾವುದಕ್ಕೆ ಆಳವನ್ನು ತಡೆಯುವ ಕಡ್ಡಿ ಜೊತೆಗೇ ಬರುತ್ತದೆ ಎಂಬುದೆಲ್ಲ ಅರ್ಧ ಗಂಟೆಯಲ್ಲಿ ತಿಳಿಯಿತು. ಆನ್‌ಲೈನಿನಲ್ಲಿ ಬೆಲೆ ಇನ್ನೂರು ರೂಪಾಯಿ ಕಡಿಮೆ ಇರಬಹುದು. ಆ ಅರ್ಧ ಗಂಟೆ ಅಲ್ಲಿ ಸಿಗುವುದಿಲ್ಲ. ನಿಮ್ಮ ಊರಿನಲ್ಲಿ ಸಾಮಾನನ್ನು ಮುಟ್ಟಲು ಬಿಡುವ ಅಂಗಡಿ ಯಾವುದೆಂದು ಮೊದಲು ಹುಡುಕಿಕೊಳ್ಳಿ.

ಡ್ರಿಲ್ ಮಷಿನ್ ಎಂದರೆ ಮನೆಯವರು ಗಾಬರಿಯಾಗುವುದು ಸಹಜ. ನಾನು ಕಂಡಂತೆ ಅದು ಗರಗಸಕ್ಕಿಂತ ಕಡಿಮೆ ಅಪಾಯದ್ದು, ಆದರೆ ಅದಕ್ಕೊಂದು ಮರದ ತುಂಡು ಜೊತೆಗಿರಬೇಕು. ಐದು ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ತುಂಡಿಗೆ ಬಡಗಿಯೊಬ್ಬರಿಂದ ನೇರವಾದ 8 ಮಿಲಿಮೀಟರಿನ ತೂತು ಹಾಕಿಸಿಕೊಂಡಿದ್ದೇನೆ. ಗೋಡೆಯಲ್ಲಿ ಜಾಗ ಗೊತ್ತು ಮಾಡಿ, ಸುತ್ತಿಗೆ-ಮೊಳೆಯಿಂದ ಸಣ್ಣ ಕುಳಿ ಮಾಡಿ, ಆ ಕುಳಿಗೆ ಬಿಟ್ಟಿನ, ಅಂದರೆ ಮಷಿನಿನ ಕೊರೆಯುವ ಕಡ್ಡಿಯ, ಮೂತಿ ಕೂರುವಂತೆ ಮರದ ತುಂಡನ್ನು ಗೋಡೆಗೆ ಒತ್ತಿ ಹಿಡಿದು ಕೊರೆದರೆ ಬಿಟ್ಟು ಅತ್ತಿತ್ತ ಜಾರುವುದಿಲ್ಲ, ವಾರೆಯಾಗುವುದಿಲ್ಲ, ಅದು ನನ್ನ ಬೆರಳಿನ ಹತ್ತಿರ ಬರುವ ಸಂಭವವೂ ಇಲ್ಲ. ಆಳದ ಲೆಕ್ಕವನ್ನೂ ಆ ತುಂಡೇ ನೋಡಿಕೊಳ್ಳುತ್ತದೆ. ಮಷಿನಿನಿಂದ ಬಿಟ್ಟು ಒಂಬತ್ತು ಸೆಂಟಿಮೀಟರ್ ಹೊರಗಿದ್ದರೆ, ಐದು ಮರದೊಳಗೆ ಕಳೆದು ನಾಲ್ಕು ಗೋಡೆಯೊಳಗೆ ಹೋಗುತ್ತದೆ. ಮಷಿನಿನ ಮೂತಿ ಮರಕ್ಕೆ ತಾಕಿದ ಕೂಡಲೇ ಕೆಲಸ ಮುಗಿಯಿತು. ಗೋಡೆಯ ಬಿಟ್ಟು ಮರದ ತೂತನ್ನು ಕ್ರಮೇಣ ದೊಡ್ಡದು ಮಾಡುವುದರಿಂದ ಇಪ್ಪತ್ತು ಮೂವತ್ತು ತೂತಿಗೆ ಒಮ್ಮೆ ಹೊಸ ತುಂಡು ಬೇಕಾಗುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ, ನಲ್ಲಿಯ ನೇರ ಮೇಲೆ ಕೆಳಗೆ ಮಾತ್ರ ಕೊರೆಯಬೇಡಿ. ಗೋಡೆಯೊಳಗಿನ ವೈರೂ ಪೈಪೂ ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಹೋಗಿರುತ್ತವೆ. ಬಿಟ್ಟನ್ನು ಮುಟ್ಟುವ ಮೊದಲು ಪ್ಲಗ್ ಕಿತ್ತು, ಒಂದೆರಡು ನಿಮಿಷ ಆರಲು ಬಿಡಬೇಕು. ದೃಷ್ಟಿ ಇಲ್ಲದಿದ್ದರೂ ರಕ್ಷಣೆಯ ಕನ್ನಡಕವನ್ನು ಹಾಕಿಕೊಳ್ಳಲೇಬೇಕು. ಸಿಮೆಂಟಿನ ಕಿಡಿ ಬಿದ್ದರೆ ನೋವು ಎಲ್ಲರಿಗೂ ಒಂದೇ.

ಬ್ರಾಕೆಟ್ ಎರಡೂ ಒಂದೇ ಎತ್ತರದಲ್ಲಿ ಇರಬೇಕಲ್ಲ, ಅದಕ್ಕೆ ಮಾತನಾಡುವ ಮಟ್ಟಗೋಲುಗಳೂ ಮಾರಾಟಕ್ಕಿವೆ, ಓರೆಯನ್ನು ಡಿಗ್ರಿಯಲ್ಲಿ ಓದಿ ಹೇಳುವ ಫೋನುಗಳೂ ಇವೆ. ನಾನು ಗಾರೆಯವರು ಬಳಸುವ ನೀರಿನ ಪೈಪನ್ನೇ ಆರಿಸಿಕೊಂಡೆ. ಅವರು ಪಾರದರ್ಶಕ ಪೈಪಿನಲ್ಲಿ ನೀರಿನ ಗೆರೆಯನ್ನು ನೋಡುತ್ತಾರೆ. ನೋಡಲಾಗದವರು ಪೈಪಿನ ಬಾಯಿಯನ್ನೇ ಗೆರೆಯನ್ನಾಗಿ ಮಾಡಿಕೊಳ್ಳಬಹುದು. ಗುಳ್ಳೆ ಉಳಿಯದಂತೆ ಪೈಪಿನ ತುಂಬ ನೀರು ತುಂಬಿ, ಒಂದು ಬಾಯಿಯನ್ನು ಮೊದಲ ಬ್ರಾಕೆಟಿನ ಎತ್ತರಕ್ಕೆ ಅಂಚಿನವರೆಗೆ ನೀರಿರುವಂತೆ ಕಟ್ಟಬೇಕು. ಇನ್ನೊಂದು ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ತಂದು, ಬೇಕಾದ ಜಾಗಕ್ಕಿಂತ ಸ್ವಲ್ಪ ಮೇಲಕ್ಕೆ ಹಿಡಿದು, ಬೆರಳನ್ನು ಅಂಚಿನ ಮೇಲೆ ಹಗುರವಾಗಿ ಇಟ್ಟು ಮೆಲ್ಲನೆ ಇಳಿಸುತ್ತಾ ಬರಬೇಕು. ನೀರು ಬೆರಳಿಗೆ ತಾಕಿದ ಜಾಗವೇ ಸರಿಯಾದ ಎತ್ತರ. ನೆಲದ ಮೇಲೆ ಅರ್ಧ ಲೋಟ ನೀರು ಚೆಲ್ಲುತ್ತದೆ, ಒರೆಸಿದರಾಯಿತು. ಹಲಗೆ ಕೂರಿಸಿದ ಮೇಲೆ ಮೊಮ್ಮಗನ ಗೋಲಿಯೊಂದನ್ನು ಅದರ ಮೇಲೆ ಇಟ್ಟೆ. ಅದು ಎಡಗಡೆಗೆ ಬಹಳ ಮೆಲ್ಲಗೆ ಉರುಳಿತು. ಎಡಗಡೆಯ ಬ್ರಾಕೆಟಿನ ಮೇಲೆ ತೆಳುವಾದ ವಾಷರ್ ಕೊಟ್ಟ ಮೇಲೆ ನಿಂತಿತು.

ನಲ್ಲಿಯ ಕೆಲಸಕ್ಕೆ ವಿಶೇಷ ಸಾಧನವೇ ಬೇಡ. ಗೇಟ್‌ವಾಲ್ವ್ ಮುಚ್ಚಿ, ಹಳೆಯ ನಲ್ಲಿ ಬಿಚ್ಚಿ, ಹೊಸದರ ಮರೆಗೆ ಟೆಫ್ಲಾನ್ ಟೇಪನ್ನು ನಲ್ಲಿ ತಿರುಗುವ ದಿಕ್ಕಿನಲ್ಲೇ ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತುವುದು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಬರುವ ಕೆಲಸ. ಸೋರಿಕೆಯನ್ನು ಕಂಡುಹಿಡಿಯುವುದರಲ್ಲಿ ಮಾತ್ರ ನಾನೊಮ್ಮೆ ಮೋಸಹೋದೆ. ಕೆಲಸ ಮುಗಿದಾಗ ಕೈ ಒದ್ದೆಯಾಗಿರುತ್ತದೆ. ಒದ್ದೆ ಬೆರಳಿಗೆ ಸಣ್ಣ ಜಿನುಗು ತಿಳಿಯುವುದಿಲ್ಲ. ಈಗ ಕೈಯನ್ನೂ ನಲ್ಲಿಯ ಬುಡವನ್ನೂ ಪೂರ್ತಿ ಒರೆಸಿ, ಬುಡಕ್ಕೆ ಟಿಶ್ಯೂ ಕಾಗದ ಸುತ್ತಿ, ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ಮುಟ್ಟಿ ನೋಡುತ್ತೇನೆ. ಒಂದು ಹನಿ ಜಿನುಗಿದ್ದರೂ ಕಾಗದ ಮೆತ್ತಗಾಗಿರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ನನ್ನ ನಿಲುವು ಬೇರೆ. ಹೊಸ ವೈರಿಂಗ್ ಎಳೆಯುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ, ಇತರರಿಗೂ ಹೇಳುವುದಿಲ್ಲ. ಆದರೆ ಯಾವ ಮನೆಯಲ್ಲೂ ಒಂದು ಬೀಪ್ ಟೆಸ್ಟರ್ ಇರಲೇಬೇಕು. ಸ್ಕ್ರೂಡ್ರೈವರಿನಂತಿರುವ ಹಳೆಯ ನಿಯಾನ್ ಟೆಸ್ಟರಿನ ದೀಪ ನಮಗೆ ಏನನ್ನೂ ಹೇಳುವುದಿಲ್ಲ. ಪೆನ್ನಿನಾಕಾರದ ಈ ಟೆಸ್ಟರು ಕರೆಂಟ್ ಇರುವ ಕಡೆ ತುದಿ ಹಿಡಿದರೆ ಸಾಕು, ಸದ್ದು ಮಾಡುತ್ತದೆ. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದಪ್ಪ ತೂತು ಅರ್ತ್, ನಮಗೆ ಎದುರಾಗಿ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಸದ್ದು ಬರಬೇಕಾದದ್ದು ಬಲಗಡೆಯಲ್ಲಿ. ನಮ್ಮ ಹಳೆಯ ಮನೆಯ ಎರಡು ಸಾಕೆಟ್ಟುಗಳಲ್ಲಿ ಎಡಗಡೆ ಸದ್ದು ಬಂದಾಗ, ಅವುಗಳ ವೈರು ಅದಲುಬದಲಾಗಿದೆ ಎಂಬುದನ್ನು ಎಲೆಕ್ಟ್ರಿಷಿಯನ್‌ಗೆ ತಿಳಿಸಿದ್ದು ನಾನು. ಇದನ್ನು ಬಳಸುವಾಗ ಒಂದು ಕ್ರಮವನ್ನು ತಪ್ಪಿಸಲೇಬಾರದು: ಕರೆಂಟ್ ಇದೆಯೆಂದು ಗೊತ್ತಿರುವ ಸಾಕೆಟ್ಟಿನಲ್ಲಿ ಮೊದಲು ಹಿಡಿದು ಸದ್ದು ಬರುವುದನ್ನು ಖಚಿತಪಡಿಸಿಕೊಂಡು, ಆ ಭಾಗದ ಕರೆಂಟ್ ಕಡಿಯುವ ಸ್ವಿಚ್ಚಾದ ಎಂಸಿಬಿಯನ್ನು ಇಳಿಸಿ, ಕೆಲಸದ ಜಾಗವನ್ನು ಪರೀಕ್ಷಿಸಿ, ಆಮೇಲೆ ಮತ್ತೊಮ್ಮೆ ಕರೆಂಟ್ ಇರುವ ಬೇರೆ ಸಾಕೆಟ್ಟಿನಲ್ಲಿ ಹಿಡಿದು ನೋಡಬೇಕು. ಮೌನ ಎಂದರೆ ಕರೆಂಟ್ ಇಲ್ಲವೆಂದೂ ಆಗಬಹುದು, ಟೆಸ್ಟರಿನ ಬ್ಯಾಟರಿ ಮುಗಿದಿದೆಯೆಂದೂ ಆಗಬಹುದು. ಎರಡನ್ನೂ ಬೇರೆ ಮಾಡುವುದು ಈ ಹಿಂದುಮುಂದಿನ ಪರೀಕ್ಷೆ ಮಾತ್ರ. ಎಂಸಿಬಿಗಳ ಪಕ್ಕದಲ್ಲಿಯೂ ಎಂ-ಸೀಲ್ ಚುಕ್ಕಿಗಳನ್ನು ಇಟ್ಟಿದ್ದೇನೆ: ಒಂದು ಚುಕ್ಕಿ ಅಡುಗೆಮನೆ, ಎರಡು ಚುಕ್ಕಿ ಹಜಾರ, ಮೂರು ಚುಕ್ಕಿ ನೀರಿನ ಮೋಟರು.

ಬಣ್ಣದ ವಿಷಯ ಬಂದಾಗ ಮಾತ್ರ ಕೈ ಸೋಲುತ್ತದೆ. ಪೇಂಟಿನ ಡಬ್ಬಿಯ ಮೇಲಿನ ಸಂಖ್ಯೆ, ವೈರಿನ ಬಣ್ಣ, ಗೋಡೆಯಲ್ಲಿ ತೇವದ ಕಲೆ ಎಲ್ಲಿಯವರೆಗೆ ಹಬ್ಬಿದೆ ಎಂಬುದು, ಇವುಗಳಿಗೆ ಬಿ ಮೈ ಐಸ್ ಎಂಬ ಆ್ಯಪ್‌ ನೆರವಾಗುತ್ತದೆ. ಸ್ವತಃ ದೃಷ್ಟಿ ಕಳೆದುಕೊಳ್ಳುತ್ತಿದ್ದ ಡೆನ್ಮಾರ್ಕಿನ ಹಾನ್ಸ್ ಯೊರ್ಗನ್ ವೀಬರ್ಗ್ ಅವರ ಯೋಚನೆಯಿಂದ ಹುಟ್ಟಿ 2015ರಲ್ಲಿ ಬಳಕೆಗೆ ಬಂದ ಈ ಸೇವೆಯಲ್ಲಿ, ಕರೆ ಮಾಡಿದರೆ ಎಲ್ಲೋ ಇರುವ ಸ್ವಯಂಸೇವಕರೊಬ್ಬರು ನಮ್ಮ ಫೋನಿನ ಕ್ಯಾಮೆರಾದ ಮೂಲಕ ನೋಡಿ ಹೇಳುತ್ತಾರೆ; ಹಣವಿಲ್ಲ. 2023ರಿಂದ ಚಿತ್ರವನ್ನು ಯಂತ್ರವೇ ವಿವರಿಸುವ ಸೌಲಭ್ಯವೂ ಅದರಲ್ಲಿ ಸೇರಿದೆ. ನನ್ನ ಅನುಭವದಲ್ಲಿ ಪ್ರಶ್ನೆಯನ್ನು ಚಿಕ್ಕದಾಗಿ ಕೇಳಿದಷ್ಟೂ ಉತ್ತರ ಚೆನ್ನಾಗಿ ಬರುತ್ತದೆ. ‘ಇದು ಸರಿಯಾಗಿದೆಯೇ’ ಎಂದು ಕೇಳಿದರೆ ಒಳ್ಳೆಯ ಮನಸ್ಸಿನವರು ‘ಹೌದು, ಚೆನ್ನಾಗಿದೆ’ ಎಂದುಬಿಡುತ್ತಾರೆ. ‘ನನ್ನ ಹೆಬ್ಬೆರಳಿನ ಕೆಳಗಿರುವ ವೈರಿನ ಬಣ್ಣ ಯಾವುದು’ ಎಂದು ಕೇಳಿದರೆ ತಪ್ಪಿಗೆ ಜಾಗವಿಲ್ಲ. ಪ್ರಾಣಕ್ಕೆ ಸಂಬಂಧಿಸಿದ ನಿರ್ಧಾರವನ್ನು ಕ್ಯಾಮೆರಾದ ಮೇಲೆ, ಅದರಲ್ಲೂ ಯಂತ್ರದ ವಿವರಣೆಯ ಮೇಲೆ, ಬಿಡಬಾರದು. ಬಣ್ಣ ತಿಳಿದ ಮೇಲೂ ಬೀಪ್ ಟೆಸ್ಟರ್ ಬೇಕೇ ಬೇಕು.

ಇನ್ನು ಹಿತ್ತಲು. ಒಂದು ತೆಂಗು, ಒಂದು ಕರಿಬೇವು, ಕಾಂಪೌಂಡಿನ ಉದ್ದಕ್ಕೆ ದಾಸವಾಳ, ನಡುವೆ ಹದಿನೈದು ಅಡಿಗೆ ಎಂಟು ಅಡಿ ಖಾಲಿ ಜಾಗ. ಅಲ್ಲಿ ತರಕಾರಿ ಹಾಕಬೇಕೆಂಬ ಆಸೆ ಬಹಳ ವರ್ಷದ್ದು. ಸಾಲು ನೇರವಾಗದಿದ್ದರೆ ಕಳೆ ಯಾವುದು, ಸಸಿ ಯಾವುದು ಎಂಬುದು ಮೊದಲ ಮೂರು ವಾರ ಬೆರಳಿಗೆ ಗೊತ್ತಾಗುವುದಿಲ್ಲ. ಹಿಂದಿನ ಪ್ರಯತ್ನದಲ್ಲಿ ಕೊತ್ತಂಬರಿಯನ್ನೇ ಕಿತ್ತು ಹಾಕಿದ್ದೆ. ಈ ಸಲ ಹನಿ ನೀರಾವರಿಯ 16 ಮಿಲಿಮೀಟರಿನ ಪೈಪನ್ನು ತಂದೆ. ಒಳಗೇ ಡ್ರಿಪ್ಪರ್ ಕೂರಿಸಿರುವ ಈ ಪೈಪಿನಲ್ಲಿ ಪ್ರತಿ 40 ಸೆಂಟಿಮೀಟರಿಗೆ ಒಂದು ಕಡೆ ಪೈಪು ಗಟ್ಟಿಯಾಗಿ ಸ್ವಲ್ಪ ಉಬ್ಬಿದಂತೆ ಕೈಗೆ ಸಿಗುತ್ತದೆ, ನೀರು ಬರುವ ತೂತೂ ಅಲ್ಲೇ ಇರುತ್ತದೆ. ರೈತರಿಗೆಂದು ಮಾಡಿದ ಈ ಪೈಪು ನನ್ನ ಪಾಲಿಗೆ ನೀರು ಕೊಡುವ ಅಳತೆಗೋಲಾಯಿತು. ಎರಡು ಗೂಟಗಳ ನಡುವೆ ಅದನ್ನು ಬಿಗಿಯಾಗಿ ಎಳೆದು ಕಟ್ಟಿ, ಉಬ್ಬಿರುವ ಪ್ರತಿ ಜಾಗದ ಬಲಕ್ಕೆ ನಾಲ್ಕು ಬೆರಳು ಬಿಟ್ಟು ಒಂದೊಂದು ಬದನೆ ಸಸಿ ನೆಟ್ಟೆ. ಉಬ್ಬಿನಿಂದ ನಾಲ್ಕು ಬೆರಳಿನಾಚೆ ಇರುವುದು ಸಸಿ, ಮಿಕ್ಕದ್ದೆಲ್ಲ ಕಳೆ. ಇಷ್ಟು ಸರಳವಾದ ನಿಯಮವನ್ನು ಅದಕ್ಕೆ ಮೊದಲು ಯಾವ ಪರಿಕರವೂ ನನಗೆ ಕೊಟ್ಟಿರಲಿಲ್ಲ. ನೀರು ಬಿಟ್ಟ ಅರ್ಧ ಗಂಟೆಯ ನಂತರ ಸಾಲಿನುದ್ದಕ್ಕೆ ಅಂಗೈ ಇಟ್ಟುಕೊಂಡು ಹೋದರೆ ಯಾವ ಡ್ರಿಪ್ಪರ್ ಕಟ್ಟಿಕೊಂಡಿದೆ ಎಂಬುದು ಒಣ ಮಣ್ಣಿನಿಂದಲೇ ತಿಳಿಯುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸಾದ್ದರಿಂದ ಎರಡು ತಿಂಗಳಿಗೆ ನಾಲ್ಕೈದು ಡ್ರಿಪ್ಪರ್‌ಗಳು ಕಟ್ಟಿಕೊಂಡವು. ಫಿಲ್ಟರ್ ಇಲ್ಲದೆ ಈ ಪೈಪು ಹಾಕಿಸಬೇಡಿ.

ಹುಲ್ಲು ಕೊಯ್ಯುವುದಕ್ಕೆ ತಿರುಗುವ ಬ್ಲೇಡಿನ ಯಂತ್ರವನ್ನು ನಾನು ಕೊಳ್ಳಲಿಲ್ಲ. ಅದನ್ನು ಬಳಸುವ ಅಂಧರಿದ್ದಾರೆಂದು ಬಲ್ಲೆ. ಕುಡುಗೋಲಿನಲ್ಲಿ ಎಡಗೈ ಹುಲ್ಲಿನ ಬುಡವನ್ನು ಹಿಡಿದಿರುವುದರಿಂದ ಬಲಗೈ ಎಲ್ಲಿಗೆ ಬರಬೇಕು ಎಂಬುದು ನನ್ನ ಮೈಗೇ ಗೊತ್ತಿರುತ್ತದೆ, ಯಂತ್ರದಲ್ಲಿ ಹಾಗಲ್ಲ. ದಪ್ಪ ಚರ್ಮದ ಕೈಗವುಸು, ಮೊಣಕಾಲಿನವರೆಗೆ ಬರುವ ಬೂಟು ಇರಲೇಬೇಕು. ಕೈ ಇಡುವ ಮೊದಲು ಕೋಲಿನಿಂದ ಹುಲ್ಲನ್ನು ಬಡಿದು, ಸ್ವಲ್ಪ ಹೊತ್ತು ನಿಂತು, ಸರಸರ ಸದ್ದು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೂರಬೇಕು. ಸಾಮಾನುಗಳನ್ನು ನೆಲದ ಮೇಲೆ ಇಡದೆ ಒಂದೇ ಬಕೆಟ್ಟಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವೂ ಮುಖ್ಯ. ಹುಲ್ಲಿನಲ್ಲಿ ಬಿಟ್ಟ ಕುಡುಗೋಲನ್ನು ಹುಡುಕುವುದು ಅಪಾಯದ ಕೆಲಸ.

ಹಣದ ಲೆಕ್ಕಕ್ಕೆ ಬಂದರೆ, ಮಾತನಾಡುವ ಟೇಪಿಗೆ ನಾನು ಕೊಟ್ಟ ಹಣದಲ್ಲಿ ತ್ರೆಡ್ ರಾಡ್, ಆರು ನಟ್ಟು, ಮುಮ್ಮೂಲೆ ಅರ, ನೀರಿನ ಪೈಪು, ಬೀಪ್ ಟೆಸ್ಟರ್, ಎಂ-ಸೀಲ್, ಎರಡು ಕ್ಲ್ಯಾಂಪ್ ಎಲ್ಲವನ್ನೂ ಕೊಂಡು, ಹಿತ್ತಲಿನ ಡ್ರಿಪ್ ಪೈಪಿಗೂ ಅರ್ಧ ಹಣ ಉಳಿಯುತ್ತಿತ್ತು. ಹೊಸದಾಗಿ ಆರಂಭಿಸುವವರು ಮೊದಲು ಬೀಪ್ ಟೆಸ್ಟರನ್ನೂ ಎಂ-6 ಕಡ್ಡಿಯನ್ನೂ ಕೊಳ್ಳಲಿ; ಟೇಪನ್ನು ಒಂದು ವರ್ಷದ ನಂತರ ಯೋಚಿಸಬಹುದು. ಕಡ್ಡಿ ಕೊಳ್ಳುವಾಗ ಅಂಗಡಿಯಲ್ಲೇ ನಟ್ಟು ಹಾಕಿ ಹತ್ತು ಸುತ್ತು ತಿರುಗಿಸಿ, ಸ್ಕೇಲಿನಲ್ಲಿ ಒಂದು ಸೆಂಟಿಮೀಟರ್ ಸರಿಯಾಗಿ ಬರುತ್ತದೆಯೇ ಎಂದು ಕೌಂಟರಿನವರಿಂದ ನೋಡಿಸಿಕೊಳ್ಳಿ. ಕೆಲವು ಅಂಗಡಿಗಳಲ್ಲಿ ಅಂಗುಲದ ಮರೆಯ ಕಡ್ಡಿಯೂ ಅದೇ ಕಟ್ಟಿನಲ್ಲಿ ಸೇರಿಕೊಂಡಿರುತ್ತದೆ, ಅದು ಬೆರಳಿಗೆ ಹೆಚ್ಚುಕಡಿಮೆ ಒಂದೇ ತರಹ ತಾಕುತ್ತದೆ.